ಇನ್ನೂ ತರಬೇತಿ ಅಗತ್ಯ

೧೨ ಆಗಸ್ಟ್ ೨೦೧೭, ಶನಿವಾರ

ಚುನಾವಣೆಯ ಫಲಿತಾಂಶ ನಿನ್ನೆ ಬಂತು. ಕಾರ್ಖಾನೆ ಸೋಮವಾರದಿಂದ ಮುಚ್ಚಿದೆ. ಗಲಭೆಯ ಭಯಕ್ಕೆ ಲಂಗಾಟಾ ಬಡಾವಣೆಯ ನಮ್ಮ ಕಾಂಪೌಂಡಿನ ಗೇಟಿಗೆ ಒಂದರ ಜಾಗದಲ್ಲಿ ಎರಡು ಬೀಗ. ಹೆಂಡತಿ ಸುಮತಿ ಹದಿನೈದು ದಿನಕ್ಕಾಗುವಷ್ಟು ಅಕ್ಕಿ, ಬೇಳೆ, ಹಾಲಿನ ಪ್ಯಾಕೆಟ್ಟು ತುಂಬಿಸಿಟ್ಟಿದ್ದಾಳೆ. ಮಗಳು ಮೈತ್ರಿ ಮಾತ್ರ ವೈ-ಫೈ ಇರುವವರೆಗೆ ಪ್ರಜಾಪ್ರಭುತ್ವಕ್ಕೆ ಅಪಾಯವಿಲ್ಲ ಎಂಬಂತೆ ಸೋಫಾದ ಮೇಲೆ ಮಲಗಿದ್ದಾಳೆ. ಮಾಡಲು ಕೆಲಸವಿಲ್ಲದೆ ಈ ಡೈರಿ ಕೈಗೆತ್ತಿಕೊಂಡೆ. ಜನವರಿಯಲ್ಲಿ ಕಾರ್ಖಾನೆಗೆ ಕಚ್ಚಾ ಪ್ಲಾಸ್ಟಿಕ್ ಕಾಳು ಮಾರುವವರು ಪುಕ್ಕಟೆ ಕೊಟ್ಟದ್ದು. ಏಳು ತಿಂಗಳು ಖಾಲಿ.

ಬೆಳಿಗ್ಗೆ ಜಯಮಾಲಾ ಫೋನು. ಆಕೆ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಈ ವರ್ಷ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯೂ ಹೌದು.

"ಪುರುಷೋತ್ತಮ್ ಅವರೇ, ಈ ಸಲ ರಾಜ್ಯೋತ್ಸವಕ್ಕೆ ನಿಮ್ಮ ಹಾಸ್ಯ ಬೇಡ. ಚರ್ಚಾ ಸ್ಪರ್ಧೆ ಇಟ್ಟಿದೀವಿ. ವಿಷಯ: ಜನಾಂಗಗಳ ನಡುವಿನ ಸಂಪತ್ತಿನ ಅಂತರಕ್ಕೆ ರಾಜಕೀಯ ನಾಯಕರೇ ಹೊಣೆ. ನಿಮಗೆ ಪರ."

"ವಿರೋಧ ಯಾರಮ್ಮಾ?"

"ಶರ್ಮಿಳಾ. ಕಿಲಿಮಾನೀಲಿರೋ ಹುಡುಗಿ, ಎನ್‌ಜಿಒದಲ್ಲಿ ಸಂಬಳದ ಸರ್ವೆ ಮಾಡ್ತಾಳಲ್ಲ, ಅವಳು."

"ಪಾಪ."

"ಯಾರಿಗೆ ಪಾಪ ಅಂತ ನವೆಂಬರ್‌ನಲ್ಲಿ ನೋಡೋಣ ಬಿಡಿ."

ನನಗೆ ಸಿಕ್ಕಿರುವುದು ಸುಲಭದ ಪಕ್ಷ. ನಾಯಕರು ತಪ್ಪು ಮಾಡಿದ್ದಾರೆ ಎಂದರೆ ಯಾವ ಸಭೆ ಬೇಡ ಎನ್ನುತ್ತದೆ? ಸಂಘದಲ್ಲಿ ನಾಲ್ಕು ಸಲ ಮೊದಲ ಬಹುಮಾನ ನನ್ನದೇ. ತಿಪಟೂರಿನ ಐಟಿಐ ಸರ್ಟಿಫಿಕೇಟು ಹಿಡಿದು ಪೀಣ್ಯದಲ್ಲಿ ಹೆಲ್ಪರ್ ಆಗಿ ಸೇರಿದವನು ೨೦೦೫ರಲ್ಲಿ ಸಮುದ್ರ ದಾಟಿ ಇಲ್ಲಿಗೆ ಬಂದು, ಎಣ್ಣೆ ತುಂಬುವ ಪ್ಲಾಸ್ಟಿಕ್ ಜೆರ್ರಿಕ್ಯಾನ್ ಮಾಡುವ ಕಾರ್ಖಾನೆಗೆ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದೇನೆ ಎಂದರೆ ಅದರಲ್ಲಿ ಅರ್ಧ ಪಾಲು ಕೈಯದು, ಅರ್ಧ ನಾಲಿಗೆಯದು.

ಡಿಸೆಂಬರ್ ಕೊನೆಗೆ ವರ್ಕ್ ಪರ್ಮಿಟ್ ಮುಗಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಜ್ವರ. ಮೈತ್ರಿಯ ಶಾಲೆಯ ದೊಡ್ಡ ಪರೀಕ್ಷೆ ಬರುವ ಜೂನಿಗೆ. ಹಾಗಾಗಿ ಈ ಸಲದ ಜ್ವರ ಸ್ವಲ್ಪ ಜೋರು.

೩೦ ಆಗಸ್ಟ್, ಬುಧವಾರ

ಮೊನ್ನೆಯಿಂದ ದೇಶದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧ. ನಮ್ಮ ಪಕ್ಕದ ಚೀಲದ ಕಾರ್ಖಾನೆ ಬಾಗಿಲು ಹಾಕಿತು. ನಮ್ಮದು ಕ್ಯಾನು, ಬಚಾವ್. ಒಂದು ಸಹಿಗೆ ಒಂದು ಬೀದಿಯ ಕೆಲಸ ಹೋಗುತ್ತದೆ ಎಂದರೆ ನಾಯಕರ ಕೈಯಲ್ಲಿ ಎಷ್ಟಿದೆ ನೋಡಿ. ಭಾಷಣಕ್ಕೆ ಮೊದಲ ಪಾಯಿಂಟು ಸಿಕ್ಕಿತು. ನಿಷೇಧ ಒಳ್ಳೆಯದೇ ಇರಬಹುದು. ಅದು ನನ್ನ ಪಾಯಿಂಟಿಗೆ ಸಂಬಂಧವಿಲ್ಲ.

೪ ಸೆಪ್ಟೆಂಬರ್, ಸೋಮವಾರ

ಶುಕ್ರವಾರ ಕೋರ್ಟು ಚುನಾವಣೆಯನ್ನೇ ರದ್ದು ಮಾಡಿತು. ಇವತ್ತು ಕಾರ್ಖಾನೆಯ ಫ್ಲೋರಿನಲ್ಲಿ ಅರ್ಧ ಜನ ಶಿಳ್ಳೆ ಹೊಡೆಯುತ್ತಿದ್ದರು, ಇನ್ನರ್ಧ ಜನ ಸ್ಪ್ಯಾನರುಗಳನ್ನು ಬೇಕೆಂದೇ ಜೋರಾಗಿ ಇಡುತ್ತಿದ್ದರು. ಎರಡೂ ಕಡೆ ಸೇರದೆ ಕೆಲಸ ಮಾಡುತ್ತಿದ್ದವನು ಮುಟಿಸೋ ಒಬ್ಬ.

ಬೋನಿಫೇಸ್ ಮುಟಿಸೋ ನನ್ನ ಅಂಡರ್‌ಸ್ಟಡಿ. ಹೊರದೇಶದವನಿಗೆ ಪರ್ಮಿಟ್ ಬೇಕಾದರೆ ಇಲ್ಲಿಯವನೊಬ್ಬನ ಹೆಸರು ಕೊಟ್ಟು, ಅವನಿಗೆ ನನ್ನ ಕೆಲಸ ಕಲಿಸುತ್ತೇನೆ, ಅವನು ಕಲಿತ ಮೇಲೆ ಜಾಗ ಬಿಡುತ್ತೇನೆ ಎಂದು ಬರೆದುಕೊಡಬೇಕು. ಪರ್ಮಿಟ್ ನವೀಕರಿಸುವಾಗಲೆಲ್ಲ ಅವನ ಕಲಿಕೆ ಎಲ್ಲಿಗೆ ಬಂತು ಎಂಬ ವರದಿ ಲಗತ್ತಿಸಬೇಕು. ಇಬ್ಬರದೂ ಸಹಿ. ೨೦೦೭ರಿಂದ ಇವನೇ ನನ್ನ ಅಂಡರ್‌ಸ್ಟಡಿ. ಒಳ್ಳೆಯವನು, ಮಾತು ಕಡಿಮೆ.

ಹತ್ತು ಗಂಟೆಯ ಚಹಾದ ಹೊತ್ತಿಗೆ ಅವನ ಪಕ್ಕದಲ್ಲಿ ಡ್ರಮ್ಮಿನ ಮೇಲೆ ಕೂತೆ. ಭಾಷಣಕ್ಕೆ ಊರಿನವನ ಬಾಯಿಂದ ಒಂದೆರಡು ಮಾತು ಬೇಕಿತ್ತು.

"ಬೋನಿಫೇಸ್, ನಿಮ್ಮವರ ಹತ್ತಿರ ದುಡ್ಡಿಲ್ಲ, ನಮ್ಮವರ ಹತ್ತಿರ ಇದೆ. ಯಾರು ಕಾರಣ?"

"ಯಾಕೆ ಕೇಳುತ್ತೀರಿ, ಬ್ವಾನಾ?" ಬ್ವಾನಾ ಎಂದರೆ ಇಲ್ಲಿಯವರ ಬಾಯಲ್ಲಿ ಸಾಹೇಬರು.

"ಒಂದು ಭಾಷಣ ಇದೆ."

"ನಿಮ್ಮ ಜನರ ಮುಂದೆಯಾ?"

"ಹೌದು."

"ಹಾಗಾದರೆ ನಾಯಕರನ್ನು ಬೈಯಿರಿ. ಚಪ್ಪಾಳೆ ಹೊಡೆಯುವವರಿಗೆ ಸುಲಭ."

ನಕ್ಕೆ. ಅವನು ನಗಲಿಲ್ಲ. ಲೋಟ ಬಗ್ಗಿಸಿ ಚಹಾದ ಪುಡಿ ಚೆಲ್ಲಿ, ತನ್ನಪ್ಪನ ಕತೆ ಹೇಳಿದ. ಅಪ್ಪ ಬಿಳಿಯನೊಬ್ಬನ ಕತ್ತಾಳೆ ತೋಟದಲ್ಲಿ ಕೂಲಿಯಾಗಿದ್ದನಂತೆ. ಸ್ವಾತಂತ್ರ್ಯ ಬಂದಾಗ ಬಿಳಿಯ ಹೋದ, ತೋಟ ಊರಿನ ದೊಡ್ಡ ಮನುಷ್ಯನೊಬ್ಬನ ಪಾಲಾಯಿತು. "ಯಜಮಾನನ ಬಣ್ಣ ಬದಲಾಯಿತು. ಅಪ್ಪ ಮಲಗುವ ಕೋಣೆಯ ತಗಡು ಅದೇ ಇತ್ತು."

ಎರಡನೇ ಪಾಯಿಂಟು. ಚೀಟಿಯಲ್ಲಿ ಬರೆದುಕೊಂಡೆ. ಅವನು ನಾನು ಬರೆಯುವುದನ್ನು ನೋಡುತ್ತ ಕೂತಿದ್ದ.

೨೦ ಸೆಪ್ಟೆಂಬರ್, ಬುಧವಾರ

ಪರ್ಮಿಟ್ಟಿನ ಫೈಲು ತೆಗೆದೆ. ಒಬ್ಬನೇ ಕೂತು ನಕ್ಕದ್ದನ್ನು ಇಲ್ಲಿ ಬರೆಯಲೇಬೇಕು.

ಐದು ವರದಿಗಳಿವೆ: ೨೦೦೭, ೨೦೦೯, ೨೦೧೧, ೨೦೧೩, ೨೦೧೫. ಮೊದಲನೆಯದನ್ನು ನಾನೇ ಕಷ್ಟಪಟ್ಟು ಬರೆದಿದ್ದೆ. ಉಳಿದವೆಲ್ಲ ಅದರ ನಕಲು, ತಾರೀಖು ಮಾತ್ರ ಬೇರೆ. ಐದರಲ್ಲೂ ಇದೇ ಸಾಲು: "ಎರಡನೇ ನಂಬರಿನ ಮಷೀನನ್ನು ಸ್ವತಂತ್ರವಾಗಿ ನಡೆಸಲು ಇನ್ನೂ ಬಾರದು. ಇನ್ನೂ ತರಬೇತಿ ಅಗತ್ಯ." ಎರಡನೇ ನಂಬರಿನ ಮಷೀನನ್ನು ೨೦೧೨ರಲ್ಲಿ ಗುಜರಿಗೆ ತೂಕದ ಮೇಲೆ ಮಾರಿದ್ದೇವೆ! ಅಂದರೆ ಎರಡು ವರದಿಗಳಲ್ಲಿ ಅವನು ಇಲ್ಲದ ಮಷೀನನ್ನು ಕಲಿಯುತ್ತಿದ್ದಾನೆ. ಯಾರೂ ಗಮನಿಸಿದಂತಿಲ್ಲ. ನಾನೂ ಗಮನಿಸಿರಲಿಲ್ಲ.

ಈ ಸಲ ನಾಲ್ಕನೇ ನಂಬರ್ ಎಂದು ತಿದ್ದಬೇಕು. ಮರೆಯಬಾರದು.

೩ ಅಕ್ಟೋಬರ್, ಮಂಗಳವಾರ

ಶಿಫ್ಟು ಮುಗಿದ ಮೇಲೆ ಮುಟಿಸೋ ಆಫೀಸಿಗೆ ಬಂದ. ಬಾಗಿಲಲ್ಲೇ ನಿಂತ. ಥೀಕಾದಲ್ಲಿ ಒಂದು ಬಾಟಲಿ ಕಾರ್ಖಾನೆಗೆ ಪ್ರೊಡಕ್ಷನ್ ಮ್ಯಾನೇಜರ್ ಬೇಕಂತೆ. ಅರ್ಜಿ ಹಾಕಿದ್ದಾನೆ. ಹತ್ತು ವರ್ಷ ಅಂಡರ್‌ಸ್ಟಡಿ ಆಗಿದ್ದೆ ಅಂದನಂತೆ. ಹಾಗಾದರೆ ತರಬೇತಿಯ ವರದಿ ತಾ ಎಂದಿದ್ದಾರೆ. ನವೆಂಬರ್ ಮಧ್ಯದವರೆಗೆ ಕಾಯುತ್ತಾರಂತೆ.

"ನನಗೆ ಈಗ ನಲವತ್ತೊಂದು, ಬ್ವಾನಾ. ಇನ್ನೊಂದು ಸಲ ಯಾರೂ ಕೇಳುವುದಿಲ್ಲ."

ಹುಡುಕಿ ಕೊಡುತ್ತೇನೆ ಎಂದೆ. ಫೈಲು ನನ್ನ ಮೊಣಕೈ ಕೆಳಗೇ ಇತ್ತು.

೨೬ ಅಕ್ಟೋಬರ್, ಗುರುವಾರ

ಮರುಚುನಾವಣೆ. ಮತ್ತೆ ಎರಡು ಬೀಗ. ಕನ್ನಡಿಯ ಮುಂದೆ ಭಾಷಣ ಹೇಳಿಕೊಂಡೆ. ಆರು ನಿಮಿಷ ಹತ್ತು ಸೆಕೆಂಡ್. ಹತ್ತು ಸೆಕೆಂಡ್ ಕತ್ತರಿಸಬೇಕು. ಮುಟಿಸೋ ಮತ್ತೆ ಎರಡು ಸಲ ಕೇಳಿದ. ಮಷೀನು, ಆರ್ಡರು, ಚುನಾವಣೆ ಎಂದೆ.

೫ ನವೆಂಬರ್, ಭಾನುವಾರ

ಮೊದಲ ಬಹುಮಾನ. ಐದನೇ ಸಲ.

ಹಾಲು ತುಂಬಿತ್ತು. ನಾನು ಹೀಗೆ ಎತ್ತಿಕೊಂಡೆ: "ಈ ಊರಿನ ನಕ್ಷೆ ಬರೆದವರು ಯಾರು? ಗುಡ್ಡದ ಮೇಲೆ ಬಿಳಿಯರು, ನಡುವೆ ನಾವು, ತಗ್ಗಿನಲ್ಲಿ ಈ ಮಣ್ಣಿನವರು ಎಂದು ಗೆರೆ ಎಳೆದದ್ದು ಸರಕಾರ. ಗೆರೆ ಎಳೆದವರು ಹಡಗು ಹತ್ತಿದರು. ಅವರ ಕುರ್ಚಿಗೆ ಬಂದವರು ಗೆರೆ ಅಳಿಸಲು ರಬ್ಬರ್ ತರಲಿಲ್ಲ. ಗುಡ್ಡದ ಮೇಲೆ ತಮಗೂ ಒಂದು ಸೈಟು ಮಾಡಿಕೊಂಡರು!" ಚಪ್ಪಾಳೆ. ಮುಟಿಸೋ ಅಪ್ಪನ ತಗಡಿಗೆ ಇನ್ನೂ ಜೋರು ಚಪ್ಪಾಳೆ.

ಆಮೇಲೆ ಶರ್ಮಿಳಾ ಎದ್ದಳು. ಕೈಯಲ್ಲಿ ಚೀಟಿಯಿಲ್ಲ.

"ಪುರುಷೋತ್ತಮ ಅಂಕಲ್ ಗೆರೆ ಎಳೆದೋರ ಬಗ್ಗೆ ಚೆನ್ನಾಗಿ ಹೇಳಿದ್ರು. ಆ ಗೆರೆಗೆ ವರ್ಷಾ ವರ್ಷಾ ಸುಣ್ಣ ಬಳೀತಿರೋರು ಯಾರು? ಹೊರಗಿಂದ ಬಂದೋನು ಇಲ್ಲಿಯವನಿಗೆ ಕೆಲಸ ಕಲಿಸಿ ಜಾಗ ಬಿಡಬೇಕು ಅಂತ ಕಾನೂನಿದೆ. ಆ ಕಾನೂನು ಮಾಡಿದ್ದು ಇದೇ ನಾಯಕರು. ಈ ಹಾಲಲ್ಲಿ ಅರ್ಧ ಜನರ ಪರ್ಮಿಟ್ ಹಿಂದೆ ಅಂಥ ಒಬ್ಬರ ಹೆಸರಿದೆ. ಅವರಲ್ಲಿ ಯಾರಿಗಾದ್ರೂ ಕುರ್ಚಿ ಸಿಕ್ಕಿದ್ರೆ, ದಯವಿಟ್ಟು ಕೈ ಎತ್ತಿ."

ಯಾರೂ ಎತ್ತಲಿಲ್ಲ. ಉತ್ತರಕ್ಕೆ ನನಗೆ ಎರಡು ನಿಮಿಷ. ವಾದದ ಬದಲು ಹಾಸ್ಯಕ್ಕೆ ಕೈಹಾಕಿದೆ.

"ನನ್ನ ಹತ್ತಿರಾನೂ ಒಬ್ಬ ಇದ್ದಾನೆ. ಹತ್ತು ವರ್ಷದಿಂದ ವಿದ್ಯಾರ್ಥಿ. ಅವನಿಗೆ ಇನ್ನೂ ಬರಲ್ಲ ಅಂತ ನಾನು ಬರೆದುಕೊಟ್ಟಿರೋ ಮಷೀನು ಗುಜರಿಗೆ ಹೋಗಿ ಐದು ವರ್ಷ ಆಯ್ತು. ಕಲಿಕೆ ಅಂದ್ರೆ ಎಷ್ಟು ಕಷ್ಟ ನೋಡಿ ಸ್ವಾಮಿ!"

ಇಡೀ ಹಾಲು ಬಿದ್ದು ಬಿದ್ದು ನಕ್ಕಿತು. ನಕ್ಕವರಲ್ಲಿ ಅರ್ಧ ಜನ ನಿರಾಳವಾಗಿ ನಕ್ಕರು ಎಂಬುದು ವೇದಿಕೆಯಿಂದಲೇ ಕಾಣುತ್ತಿತ್ತು. ಔಷಧಿ ಕಂಪನಿಯ ಇಂಜಿನಿಯರ್ ಬಾಲಕೃಷ್ಣ ಊಟದ ಸಾಲಿನಲ್ಲಿ ಬೆನ್ನು ತಟ್ಟಿ ಕಿವಿಯಲ್ಲಿ ಹೇಳಿದ: "ನಿಂದು ಐದು ವರದಿನಾ? ನಂದು ಏಳು ಕಣಯ್ಯ."

ಕಾರಿನಲ್ಲಿ ಮೈತ್ರಿ ಹಿಂದಿನ ಸೀಟಿನಿಂದ ಕೇಳಿದಳು. "ಅಪ್ಪಾ, ವೈ ವಾಸ್ ದಟ್ ಫನ್ನಿ?"

ಕನ್ನಡ ಪೂರ್ತಿ ತಿಳಿದಿರಲಿಕ್ಕಿಲ್ಲ ಎಂದುಕೊಂಡು ಮಷೀನು, ಗುಜರಿ ಎಲ್ಲ ವಿವರಿಸಿದೆ.

"ನೋ, ಐ ಗಾಟ್ ಇಟ್. ವೈ ವಾಸ್ ಇಟ್ ಫನ್ನಿ?"

ಸುಮತಿ, "ಅಪ್ಪ ಡ್ರೈವ್ ಮಾಡ್ತಿದಾರೆ, ಸುಮ್ನಿರು" ಎಂದಳು. ಬಹುಮಾನಕ್ಕೆ ಒಂದು ಹಾಟ್‌ಬಾಕ್ಸ್ ಕೊಟ್ಟಿದ್ದಾರೆ. ದೊಡ್ಡದೇ.

೬ ನವೆಂಬರ್, ಸೋಮವಾರ

ಬೆಳಿಗ್ಗೆ ದಾರಿಯಲ್ಲೇ ಒಂದು ಉಪಾಯ ಹೊಳೆಯಿತು. ಮುಟಿಸೋನನ್ನು ಕರೆದು ಕೂರಿಸಿ ಹೇಳಿದೆ: ಎರಡು ವರದಿ ಮಾಡೋಣ. ಥೀಕಾಕ್ಕೆ ಒಂದು, ತರಬೇತಿ ಪೂರ್ಣ ಎಂದು. ಪರ್ಮಿಟ್ಟಿಗೆ ಇನ್ನೊಂದು, ಹಳೆಯದರ ಹಾಗೆಯೇ. ನಿನಗೆ ಕೆಲಸ, ನನಗೆ ಪರ್ಮಿಟ್ಟು. ಯಾರಿಗೂ ನಷ್ಟವಿಲ್ಲ.

ಅವನು ಎದ್ದು ನಿಂತ.

"ಅಂದರೆ ಒಂದೇ ವಾರದಲ್ಲಿ ನಾನು ಥೀಕಾದಲ್ಲಿ ಬಲ್ಲವನು, ಇಲ್ಲಿ ಬಾರದವನು. ಥೀಕಾಕ್ಕೆ ಮಟಾಟು ವ್ಯಾನಿನಲ್ಲಿ ಒಂದು ಗಂಟೆ. ಯಾವ ಸ್ಟಾಪಿನಲ್ಲಿ ಕಲಿಯುತ್ತೇನೆ, ಬ್ವಾನಾ?"

ಇಂಥ ಮಾತು ನಿನ್ನೆ ವೇದಿಕೆಯಲ್ಲಿ ನನಗೆ ಹೊಳೆದಿದ್ದರೆ!

"ಹಳೆಯದರ ಹಾಗೆ ಎಂದಿರಿ. ಹಳೆಯದರಲ್ಲಿ ಏನಿದೆ?"

ಇನ್ನು ಹುಡುಕುತ್ತೇನೆ ಎನ್ನುವ ಹಾಗಿರಲಿಲ್ಲ. ಫೈಲು ಕೊಟ್ಟೆ. ನಿಂತುಕೊಂಡೇ ಓದಿದ. ಮೊದಲನೆಯ ವರದಿಗೆ ಐದು ನಿಮಿಷ ಹಿಡಿಯಿತು. ಉಳಿದ ನಾಲ್ಕಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ.

"ಎರಡನೇ ನಂಬರನ್ನು ಬಿಚ್ಚಿ ಲಾರಿಗೆ ಹೇರಿದ್ದು ನಾನು. ನೀವು ರಜೆಯ ಮೇಲೆ ಊರಿಗೆ ಹೋಗಿದ್ದಿರಿ."

"ಕೆಳಗೆ ನಿನ್ನ ಸಹಿಯೂ ಇದೆಯಲ್ಲ." ಇದು ನಾನು ಹೇಳಿದ್ದು. ಹೇಳಿದ ಮೇಲೆ ಬರೆಯದೆ ಇರುವುದು ಸರಿಯಲ್ಲ.

"ಇದೆ. ಪ್ರತಿ ಸಲ ಕೊನೆಯ ಹಾಳೆ ಮಾತ್ರ ತಂದಿರಿ. ಊಟದ ಹೊತ್ತಿಗೆ."

ಫೈಲನ್ನು ಮೇಜಿನ ಮೇಲೆ ಅಂಚು ಸರಿಹೊಂದಿಸಿ ಇಟ್ಟು, "ಸವಾ" ಎಂದು ಹೋದ. ಸರಿ ಎನ್ನುವುದಕ್ಕೆ ಇಲ್ಲಿ ಆಡುವ ಮಾತು. ಏನು ಸರಿ ಎಂದು ಕೇಳುವ ಧೈರ್ಯ ಆಗಲಿಲ್ಲ.

೮ ನವೆಂಬರ್, ಬುಧವಾರ

ಮೂರನೇ ಮಷೀನಿನ ಕ್ಯಾನುಗಳು ಹಿಡಿಕೆಯ ಹತ್ತಿರ ತೆಳುವಾಗಿ ಬರುತ್ತಿದ್ದವು. ನಾನು ಪ್ಯಾನೆಲ್ಲಿನ ಅಂಕಿಗಳನ್ನು ನೋಡುತ್ತ ನಿಂತಿದ್ದೆ. ಮುಟಿಸೋ ಅವರು ಬಂದು, ಬಿಸಿ ಪ್ಲಾಸ್ಟಿಕ್ ಕೊಳವೆಯಾಗಿ ಇಳಿಯುವುದನ್ನು ಎರಡು ಸಲ ನೋಡಿ, "ಎಡಗಡೆ ತಣ್ಣಗಿದೆ" ಎಂದರು. ಒಂದು ಹೀಟರ್ ಸುಟ್ಟಿತ್ತು. ಹತ್ತು ನಿಮಿಷದಲ್ಲಿ ಬದಲಾಯಿಸಿದರು. ನಾನಾಗಿದ್ದರೆ ಮಧ್ಯಾಹ್ನವಾಗುತ್ತಿತ್ತು.

ಇಡೀ ದಿನದಲ್ಲಿ ನಾವಾಡಿದ್ದು ಇದೊಂದೇ ಮಾತು.

೧೨ ನವೆಂಬರ್, ಭಾನುವಾರ

ಸುಮತಿಗೆ ಎಲ್ಲ ಹೇಳಿದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು.

"ಮುಟಿಸೋ ಇಲ್ದಿದ್ರೆ ನಾನು ರಜ ಹಾಕೋಕೇ ಆಗಲ್ಲ ಅಂತ ನೀವೇ ಹೇಳ್ತಿದ್ರಲ್ರೀ."

"ಅದು ಮನೇಲಿ ಆಡೋ ಮಾತು."

"ಕಾಗದದಲ್ಲಿ ಬೇರೆ ಮಾತಾ?"

ಪೀಣ್ಯದ ನೆನಪು ಬಂತು. ನಾನು ಆರು ವರ್ಷ ಮಷೀನು ನಡೆಸಿದೆ; ಫೋರ್ಮನ್ ನನ್ನ ಕಾರ್ಡಿನಲ್ಲಿ ಆರು ವರ್ಷವೂ ಹೆಲ್ಪರ್ ಎಂದೇ ಬರೆದ. ಅವನದೂ ನನ್ನದೂ ಒಂದೇ ಭಾಷೆ, ಒಂದೇ ಬಣ್ಣ, ಒಂದೇ ಬಸ್ಸು. ಅದಕ್ಕೆ ಯಾವ ಮಂತ್ರಿಯನ್ನು ಬೈಯಲಿ? ಆದರೆ ಅವನಿಗೆ ಅಷ್ಟು ಧೈರ್ಯ ಬಂದದ್ದು ಕಾರ್ಡುಗಳನ್ನು ಓದುವವರು ಯಾರೂ ಇಲ್ಲ ಎಂಬ ನಂಬಿಕೆಯಿಂದ. ಓದುವವರನ್ನು ಇಡಬೇಕಾದವರು ಮೇಲಿನವರು. ಹೀಗೆ ತಿರುಗಿಸಿದರೆ ನನ್ನ ಭಾಷಣ ನಿಲ್ಲುತ್ತದೆ, ಹಾಗೆ ತಿರುಗಿಸಿದರೆ ಆ ಹುಡುಗಿಯದು. ತೀರ್ಪುಗಾರರು ನನಗೆ ಕೊಟ್ಟರು. ನಾನಾಗಿದ್ದರೆ ಯಾರಿಗೆ ಕೊಡುತ್ತಿದ್ದೆನೋ ಗೊತ್ತಿಲ್ಲ.

ಲಾಭ ನಷ್ಟ ಕೂಡಿಸಿ ನೋಡಿದೆ. ನಿಜವಾದ ವರದಿ ಕೊಟ್ಟರೆ ಮುಟಿಸೋ ಅವರು ಥೀಕಾಕ್ಕೆ ಹೋಗುತ್ತಾರೆ. ಅವರ ಜಾಗಕ್ಕೆ ಹೊಸ ಅಂಡರ್‌ಸ್ಟಡಿಯ ಹೆಸರು ಹಾಕುತ್ತೇನೆ. ಅವನಿಗೆ ನಿಜವಾಗಿಯೂ ಏನೂ ಬಾರದು, ಸುಳ್ಳು ಬರೆಯುವ ಅಗತ್ಯವೇ ಇಲ್ಲ. ಪರ್ಮಿಟ್ಟು ಉಳಿಯಿತು, ಜೂನಿನ ಪರೀಕ್ಷೆ ಉಳಿಯಿತು, ಮನಸ್ಸೂ ಹಗುರ. ಇದಕ್ಕಿಂತ ಅಗ್ಗದಲ್ಲಿ ಒಳ್ಳೆಯವನಾಗಲು ಸಾಧ್ಯವಿಲ್ಲ.

ಊಟಕ್ಕೆ ಮುಂಚೆಯೇ ಬರೆದು ಮುಗಿಸಿದೆ. "ಈ ಕಾರ್ಖಾನೆಯ ಎಲ್ಲ ಮಷೀನುಗಳನ್ನು ಸ್ವತಂತ್ರವಾಗಿ ನಡೆಸಬಲ್ಲರು, ರಿಪೇರಿ ಮಾಡಬಲ್ಲರು, ಇತರರಿಗೆ ಕಲಿಸಬಲ್ಲರು. ತರಬೇತಿ ಪೂರ್ಣ. ೨೦೧೧ರಲ್ಲೇ ಪೂರ್ಣವಾಗಿತ್ತು." ಕೊನೆಯ ವಾಕ್ಯ ಬೇಕಿರಲಿಲ್ಲ. ಹೊಡೆದುಹಾಕೋಣವೆಂದು ಪೆನ್ನು ಎತ್ತಿದೆ. ಅಷ್ಟರಲ್ಲಿ ಸುಮತಿ ಊಟಕ್ಕೆ ಕರೆದಳು. ಆಮೇಲೆ ಹಾಗೆಯೇ ಬಿಟ್ಟೆ.

೧೪ ನವೆಂಬರ್, ಮಂಗಳವಾರ

ಎಲ್ಲ ಹಾಳೆಗಳನ್ನೂ ಕೊಟ್ಟೆ. ಮುಟಿಸೋ ಅವರು ಎಲ್ಲವನ್ನೂ ಓದಿ, ಆಮೇಲೆ ಸಹಿ ಹಾಕಿದರು.

"ಥೀಕಾಕ್ಕೆ ಯಾವಾಗ?" ಎಂದೆ.

"ಥೀಕಾಕ್ಕೆ ಯಾಕೆ? ಇದರಲ್ಲಿ ಬರೆದಿರುವುದು ಇಲ್ಲಿನ ಮಷೀನುಗಳ ಬಗ್ಗೆ."

ಹಾಗೆಂದರೆ ಏನು ಎಂದು ಕೇಳಿದೆ. ಒಂದು ಪ್ರತಿಯನ್ನು ಯಜಮಾನರಾದ ಕಿಶನ್‌ಭಾಯಿಗೆ ಕೊಟ್ಟು ನನ್ನ ಹುದ್ದೆಯನ್ನೇ ಕೇಳುತ್ತಾರಂತೆ. ಥೀಕಾದವರಿಂದ ಮುಂದಿನ ವಾರದವರೆಗೆ ಸಮಯ ಪಡೆದಿದ್ದಾರಂತೆ. ಎಲ್ಲ ಕೂಡಿಸಿದೆ ಎಂದುಕೊಂಡ ನಾನು ಈ ಒಂದು ಸಾಲು ಬಿಟ್ಟಿದ್ದೆ.

"ಹಾಗಾದರೆ ನನ್ನ ಗತಿ?"

"ಅದೂ ಅಲ್ಲೇ ಇದೆ, ಬ್ವಾನಾ. ಅಂಡರ್‌ಸ್ಟಡಿ ಕಲಿತ ಮೇಲೆ ಏನಾಗಬೇಕು ಅಂತ ಮೊದಲ ಹಾಳೆಯಲ್ಲೇ ಅಚ್ಚಾಗಿದೆ. ಈ ಸಲ ನನಗೆ ಮೊದಲ ಹಾಳೆಯೂ ಸಿಕ್ಕಿತಲ್ಲ."

ಸಿಟ್ಟು ಬಂತು. ಮನೆಗೆ ಬಂದು ಮೈತ್ರಿಯ ಮೇಲೆ ರೇಗಿದೆ, ಚಾರ್ಜರ್ ವಿಷಯಕ್ಕೆ.

೧೭ ನವೆಂಬರ್, ಶುಕ್ರವಾರ

ಕಿಶನ್‌ಭಾಯಿ ಕರೆಸಿದರು. ವರದಿ ಅವರ ಮುಂದಿತ್ತು.

"ಪುರುಷೋತ್ತಮ್‌ಭಾಯ್, ಇದೇನು? ಬರೆಯುವಾಗ ಜ್ವರ ಇತ್ತಾ?"

ಅವರು ಹಾಳೆಯನ್ನು ನನ್ನ ಕಡೆ ತಳ್ಳಿದರು.

"ನಾನೇನು ಇವರ ಶತ್ರುವಾ? ಮೂರು ತಲೆಮಾರಿನಿಂದ ಇಲ್ಲಿದ್ದೇವೆ. ಜುಲೈನಲ್ಲಿ ಸರಕಾರವೇ ನಮ್ಮನ್ನು ಈ ದೇಶದ ನಲವತ್ತನಾಲ್ಕನೇ ಬುಡಕಟ್ಟು ಎಂದು ಒಪ್ಪಿದೆ. ಆದರೆ ಫ್ಲೋರ್ ಯಾರ ಕೈಯಲ್ಲಿರಬೇಕು ಅನ್ನುವುದು ನಂಬಿಕೆಯ ಪ್ರಶ್ನೆ. ಇದನ್ನು ವಾಪಸ್ ತೆಗೆದುಕೊಳ್ಳಿ. ಟೈಪಿಂಗ್ ತಪ್ಪು ಅನ್ನಿ. ಸ್ಟೋರಿನಲ್ಲಿ ಹೊಸಬನಿದ್ದಾನಲ್ಲ, ಅವನ ಹೆಸರು ಹಾಕೋಣ. ನಿಮಗೆ ಇನ್ನಾರು ವರ್ಷ ನಿಶ್ಚಿಂತೆ."

ತಲೆಯಾಡಿಸಿದ್ದರೆ ಸಾಕಿತ್ತು. ಮೈತ್ರಿ, ಜೂನು, ಮನೆ ಬಾಡಿಗೆ, ಎಲ್ಲ ಒಂದು ತಲೆಯಾಡಿಸುವಿಕೆಯಲ್ಲಿತ್ತು. ಆಡಿಸಬೇಕೆಂದೇ ಇದ್ದೆ.

"ಟೈಪಿಂಗ್ ಸರಿಯಾಗಿದೆ, ಕಿಶನ್‌ಭಾಯ್" ಎಂದೆ.

ಅವರು ನನ್ನನ್ನೇ ನೋಡಿದರು. ನಾನು ಮಾತು ಮುಂದುವರಿಸಿದೆ, ಸುಮ್ಮನಿರಲು ಬಾರದಲ್ಲ. ಮುಟಿಸೋ ಅವರು ಥೀಕಾಕ್ಕೆ ಹೋದರೆ ಕ್ರಿಸ್ಮಸ್ಸಿನ ಎಣ್ಣೆ ಕ್ಯಾನುಗಳ ಆರ್ಡರು ಅರ್ಧಕ್ಕೆ ನಿಲ್ಲುತ್ತದೆ. ನಾನೊಬ್ಬನೇ ಅದನ್ನು ಮುಗಿಸಲಾರೆ. ಇದನ್ನು ಹತ್ತು ವರ್ಷದಿಂದ ನಾನು ಬಲ್ಲೆ, ನೀವೂ ಬಲ್ಲಿರಿ. ಕಿಶನ್‌ಭಾಯಿ ಕನ್ನಡಕ ತೆಗೆದು ಒರೆಸಿಕೊಂಡರು. ವ್ಯಾಪಾರದ ಮಾತು ಅವರಿಗೆ ಬೇಗ ಮುಟ್ಟುತ್ತದೆ. "ಸೋಮವಾರ ಅವನನ್ನು ಕಳಿಸಿ" ಎಂದರು.

ಹೊರಗೆ ಬಂದು ಹೇಳಿದೆ. ಮುಟಿಸೋ ಅವರು ಕೈ ಒರೆಸುತ್ತಿದ್ದ ಬಟ್ಟೆಯನ್ನು ಮಡಿಸಿದರು, ಮತ್ತೆ ಬಿಡಿಸಿದರು.

"ಸಂಬಳ ಎಷ್ಟು ಕೇಳಲಿ?"

ಇಲ್ಲಿ ನಮ್ಮವರು ಏನನ್ನು ಬೇಕಾದರೂ ಹೇಳಿಯಾರು, ಇದೊಂದನ್ನು ಇಲ್ಲಿಯವರ ಮುಂದೆ ಹೇಳುವುದಿಲ್ಲ. ಯಾರೂ ಬರೆದಿಟ್ಟ ನಿಯಮವಲ್ಲ. ನನ್ನ ಸಂಬಳ ಸುಮತಿಯ ಅಣ್ಣನಿಗೂ ಗೊತ್ತಿಲ್ಲ.

ಹೇಳಿದೆ. ಶಿಲಿಂಗಿನಲ್ಲಿ, ತಿಂಗಳಿಗೆ ಎಷ್ಟು ಎಂದು.

"ಮನೆ ಬಾಡಿಗೆ, ಮಗಳ ಶಾಲೆ ಫೀಸು ಸೇರಿಸಿಯಾ?"

"ಅವು ಬೇರೆ. ನಿಮಗಿಂತ ನಾಲ್ಕೂವರೆ ಪಟ್ಟು ಆಗುತ್ತದೆ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಮಷೀನುಗಳ ಕಡೆ ತಿರುಗಿದರು. "ನಾನು ಎರಡು ಪಟ್ಟು ಇರಬಹುದು ಎಂದುಕೊಂಡಿದ್ದೆ" ಎಂದರು. "ಎರಡು ಪಟ್ಟಾದರೆ ಕ್ಷಮಿಸೋಣ ಎಂದುಕೊಂಡಿದ್ದೆ."

೨೦ ನವೆಂಬರ್, ಸೋಮವಾರ

ಕೋರ್ಟು ಎರಡನೇ ಚುನಾವಣೆಯನ್ನು ಎತ್ತಿಹಿಡಿಯಿತು. ಫ್ಲೋರಿನಲ್ಲಿ ಸೆಪ್ಟೆಂಬರಿನ ಶಿಳ್ಳೆಗಳು ಈಗ ಆ ಕಡೆಯಿಂದ ಈ ಕಡೆಗೆ ಬಂದಿದ್ದವು.

ಹನ್ನೊಂದು ಗಂಟೆಗೆ ಮುಟಿಸೋ ಅವರು ಕಿಶನ್‌ಭಾಯಿಯ ಕೋಣೆಗೆ ಹೋದರು. ಇಸ್ತ್ರಿ ಮಾಡಿದ ಅಂಗಿ. ನಾನು ಹೊರಗೆ ಡಿಸ್‌ಪ್ಯಾಚ್ ಪಟ್ಟಿ ನೋಡುವವನಂತೆ ನಿಂತೆ. ನಲವತ್ತು ನಿಮಿಷ. ಇಷ್ಟು ಹೊತ್ತು ನಾನು ಮಾತಾಡದೆ ಇದ್ದದ್ದು ಇಲ್ಲ.

ಹೊರಗೆ ಬಂದರು. ಮುಖದಲ್ಲಿ ಏನೂ ತಿಳಿಯಲಿಲ್ಲ.

"ಜನವರಿ ಒಂದರಿಂದ" ಎಂದರು. "ನೀವು ಹೇಳಿದ ಅಂಕಿ ಕೇಳಿದೆ. ಯಾರು ಹೇಳಿದ್ದು ಅಂದರು. ಮಷೀನು ಹೇಳಿತು ಅಂದೆ. ಮುಕ್ಕಾಲಿಗೆ ಒಪ್ಪಿದರು. ಉಳಿದ ಕಾಲು ಭಾಗದ ಜಗಳ ಮುಂದಿನ ವರ್ಷಕ್ಕೆ ಇಟ್ಟುಕೊಂಡಿದ್ದೇನೆ."

ಕೈ ಕುಲುಕಿದೆ. ಅವರ ಕೈ ನನ್ನದಕ್ಕಿಂತ ತಣ್ಣಗಿತ್ತು.

"ಇನ್ನೊಂದು ವಿಷಯ. ನಿಮ್ಮನ್ನು ಆರು ತಿಂಗಳು ಸಲಹೆಗಾರರು ಅಂತ ಇಟ್ಟುಕೊಳ್ಳೋಣ, ಪರ್ಮಿಟ್ಟಿಗೆ ದಾರಿ ಹುಡುಕೋಣ ಎಂದರು. ನನ್ನ ಒಪ್ಪಿಗೆ ಕೇಳಿದರು."

ಆರು ತಿಂಗಳು ಎಂದರೆ ಸರಿಯಾಗಿ ಜೂನು. ಎದೆ ಹಗುರಾಯಿತು.

"ನಾನು ಬೇಡ ಎಂದೆ."

ಮಷೀನಿನ ಸದ್ದಿಗೆ ತಪ್ಪಾಗಿ ಕೇಳಿಸಿರಬೇಕು ಎಂದು ಹತ್ತಿರ ಹೋದೆ.

"ನಿಮ್ಮ ಮಗಳ ಪರೀಕ್ಷೆ ನನಗೆ ಗೊತ್ತು. ಅದಕ್ಕೇ ತಕ್ಷಣ ಉತ್ತರ ಕೊಡಲಿಲ್ಲ, ಯೋಚಿಸಿದೆ. ನೀವು ಫ್ಲೋರಿನಲ್ಲಿ ಇರುವವರೆಗೆ ಏನೇ ಕೆಟ್ಟರೂ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ, ಬ್ವಾನಾ. ನಾನೂ ನೋಡುತ್ತೇನೆ."

ಅವರ ಮನಸ್ಸು ಬದಲಾಯಿಸಲು ನನಗೆ ಎರಡು ನಿಮಿಷ ಸಾಕಿತ್ತು. ಮೊದಲ ವಾಕ್ಯ ನಾಲಿಗೆಯ ತುದಿಗೇ ಬಂದಿತ್ತು, ಒಳ್ಳೆಯ ವಾಕ್ಯ. ಒಂದು ಮಗುವಿನ ಆರು ತಿಂಗಳ ಬಗ್ಗೆ. ಅವರು ಕೇಳಲು ನಿಂತೇ ಇದ್ದರು, ನಾನು ಮಾತಾಡುತ್ತೇನೆ ಎಂದು ಅವರಿಗೂ ಗೊತ್ತಿತ್ತು.

"ಸರಿ" ಎಂದೆ.

ಅವರು ಫ್ಲೋರಿಗೆ ಇಳಿದುಹೋದರು. ನಾನು ಕಾರಿನಲ್ಲಿ ಕೂತು ಸುಮತಿಗೆ ಫೋನು ಮಾಡಿದೆ.

"ಏನಾಯ್ತು?"

"ಮುಟಿಸೋ ಅವರು ಮ್ಯಾನೇಜರ್ ಆದರು."

"ನಮ್ಮದು?"

"ಡಿಸೆಂಬರ್ ಕೊನೆಗೆ ಮುಗೀತು."

ಆ ಕಡೆ ಕುಕ್ಕರ್ ಕೂಗಿತು. ಅವಳು ಹೋಗಿ ಒಲೆ ಆರಿಸಿ ಬಂದಳು.

"ಜಯಮಾಲಾ ಮನೇಲಿ ಒಂದು ರೂಮು ಖಾಲಿ ಇದೆ. ಮೈತ್ರೀನ ಜೂನ್‌ವರೆಗೆ ಅಲ್ಲಿ ಬಿಡಬಹುದಾ ಕೇಳಿ."

"ನೀನೇ ಕೇಳು ಮಾರಾಯ್ತಿ, ನನಗೆ ಸಂಕೋಚ."

"ನಿಮಗಾ?" ಎಂದಳು. ಇಷ್ಟು ವರ್ಷಗಳಲ್ಲಿ ಅವಳು ನನ್ನ ಮಾತಿಗೆ ಅಷ್ಟು ಆಶ್ಚರ್ಯಪಟ್ಟದ್ದನ್ನು ನಾನು ಕೇಳಿರಲಿಲ್ಲ.